ಕಾಲುಪೇಟಿಯ ಬೆಣೆ

ಗುರುಬಸಮ್ಮ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಆಧಾರ್ ಕಾರ್ಡು. ಕೊಟ್ಟೂರಿನಲ್ಲಿ ಕಂಡಕ್ಟರಿಗೆ ತೋರಿಸಿದ ಕಾರ್ಡನ್ನು ಒಳಗಿಡುವುದನ್ನೇ ಮರೆತಿದ್ದಳು. ಅಂಗೈ ಬೆವರಿಗೆ ಅದು ಜಾರುತ್ತಿತ್ತು. ಐವತ್ತೆರಡು ವರ್ಷದ ಹೆಂಗಸು, ಅರ್ಧ ಆಯುಷ್ಯ ಮಕ್ಕಳಿಗೆ ಸರಿಗಮ ಹೇಳಿಕೊಟ್ಟವಳು, ಈಗ ಹದಿನಾಲ್ಕು ಜನರ ನಾಟಕ ಕಂಪನಿಯೊಂದಕ್ಕೆ ಯಜಮಾನಿಯಾಗಲು ಬಂದಿದ್ದಳು. ಪೂರ್ತಿ ಯಜಮಾನಿಯೂ ಅಲ್ಲ, ಹಂಗಾಮಿ.

ಕಂಪನಿಯ ಹೆಸರು ಶ್ರೀ ಊರಮ್ಮದೇವಿ ಸಂಗೀತ ನಾಟಕ ಮಂಡಳಿ. ಇವರದು ಹಾಡಿನ ನಾಟಕ. ‘ಹೊಳೆ ದಾಟಿದ ರಾಣಿ’ ಎಂಬ ಮೂರು ತಾಸಿನ ಆಟದಲ್ಲಿ ನಲವತ್ತೆರಡು ಹಾಡು. ನಡುವಿನ ಮಾತೆಲ್ಲ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗಲು ಹಾಕಿದ ಹಲಗೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿದರೆ ಇವರ ವರ್ಷ ಮುಗಿಯಿತು. ಹಳೆಯ ಮಾಲೀಕ ಸತ್ತ ಮೇಲೆ, ಕಾಲುಪೇಟಿಗೆ ಕೂತವರೇ ಯಜಮಾನರು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಕಾಲುಪೇಟಿ ಅಂದರೆ ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಯಿಂದ ಬಾರಿಸುವ, ಮೇಜಿನಷ್ಟು ದೊಡ್ಡ ಹಾರ್ಮೋನಿಯಂ. ಹತ್ತೊಂಬತ್ತು ವರ್ಷ ಅದರ ಮುಂದೆ ಕೂತವನು ಉಚ್ಚಂಗೆಪ್ಪ ಮಾಸ್ತರ. ಕೂಡ್ಲಿಗಿಯ ಕ್ಯಾಂಪು ಮುಗಿದು ತಗಡು ಬಿಚ್ಚಿ, ಸಾಮಾನು ಹೇರಿಸಿ, ಚಹಾ ಕುಡಿಯಲು ನಿಂತಿದ್ದಾಗ ಲೋಟ ಹಿಡಿದ ಬಲಗೈ ತಾನಾಗಿ ಕೆಳಗಿಳಿಯಿತು. ಲಕ್ವ. ಬಲಭಾಗ ಹೋಯಿತು, ಮಾತೂ ಬಿತ್ತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು.

ಕಾಲುಪೇಟಿ ಬಾರಿಸಬಲ್ಲವರು ಈ ಕಡೆ ಈಗ ಬೆರಳೆಣಿಕೆಯಷ್ಟು. ಗುರುಬಸಮ್ಮ ಗದಗಿನಲ್ಲಿ ಸಂಗೀತ ಕಲಿತವಳು. ಹತ್ತು ವರ್ಷದ ಹಿಂದೆ ಮಾಸ್ತರನಿಗೆ ಜ್ವರ ಬಂದಾಗ ಒಮ್ಮೆ ಕೊಟ್ಟೂರಿನಲ್ಲಿ ಎರಡು ಆಟ ಬಾರಿಸಿಕೊಟ್ಟಿದ್ದಳು. ಅಷ್ಟೇ ನಂಟು. ಮಾಸ್ತರನ ಹೆಂಡತಿ ಆಸ್ಪತ್ರೆಯಿಂದ ಫೋನ್ ಮಾಡಿ, ಅವರು ಏಳುವತನಕ ಕಂಪನಿ ಮಲಗದ ಹಾಗೆ ನೋಡಿಕೊಳ್ಳವ್ವ ಎಂದು ಅತ್ತಳು. ಗುರುಬಸಮ್ಮನಿಗೆ ಆಗಲೇ ಶಾಲೆಯ ಕೆಲಸ ಹೋಗಿತ್ತು. ಸಂಗೀತದ ಪೀರಿಯಡ್ಡಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇವೆ ಎಂದು ಆಡಳಿತದವರು ಒಂದು ಶನಿವಾರ ಹೇಳಿದ್ದರು, ಸೋಮವಾರ ಬರಬೇಡ ಅಂದಿದ್ದರು. ಬರುತ್ತೇನೆ ಎಂದು ಫೋನಿನಲ್ಲಿ ಹೇಳಿ, ಇಟ್ಟಾದ ಮೇಲೆ ಏನು ಒಪ್ಪಿಕೊಂಡೆ ಎಂದು ಭಯಪಟ್ಟಳು.

ನನಗೆ ಅವಳು ಗೊತ್ತಿರುವುದು ಕೂಡ್ಲಿಗಿಯ ನೀರಿನ ಹೋರಾಟದಿಂದ. ತಹಶೀಲ್ದಾರ್ ಆಫೀಸಿನ ಮುಂದೆ ನಾವು ಹನ್ನೆರಡು ದಿನ ಕೂತಿದ್ದಾಗ ಪುಟ್ಟ ಪೇಟಿಯೊಂದನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ದಿನಾ ಬರುತ್ತಿದ್ದಳು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಜನ ಗಂಟಲು ಹರಿಯುವ ಹಾಗೆ ಹಾಡುವಾಗ ನಡುವೆ ಕೈ ಎತ್ತಿ ನಿಲ್ಲಿಸಿ, ಶ್ರುತಿ ಬಿಟ್ಟೀರಿ, ಮೊದಲಿಂದ ಬರ್ರಿ ಅನ್ನುವಳು. ಪೊಲೀಸ್ ವ್ಯಾನು ಬಂದು ನಿಂತಾಗಲೂ ಅಂದಿದ್ದಳು. ಧೈರ್ಯಕ್ಕಲ್ಲ. ಶ್ರುತಿ ತಪ್ಪಿದ್ದನ್ನು ತಿದ್ದದೆ ಬಿಡುವುದು ಅವಳಿಂದ ಆಗದ ಕೆಲಸ. ಮುಂದಿನ ಅನಾಹುತಕ್ಕೂ ಇದೇ ಕಾರಣ.

ಹಗರಿಬೊಮ್ಮನಹಳ್ಳಿಯಲ್ಲಿ ಮುಚ್ಚಿಹೋದ ಟಾಕೀಸೊಂದನ್ನು ಮೂರು ಸಂಜೆಗೆ ಹಿಡಿದಿದ್ದರು. ಅದು ಮುಗಿದರೆ ಹಡಗಲಿ, ಅಲ್ಲಿ ಒಂದೂವರೆ ತಿಂಗಳ ಕ್ಯಾಂಪು. ಅವಳು ಒಳಗೆ ಹೋದಾಗ ತಬಲಾದ ಜಂಬಯ್ಯ ಗೋಣಿತಾಟಿನ ಮೇಲೆ ಕೂತು ಒಗ್ಗರಣಿ ಮಂಡಕ್ಕಿ ತಿನ್ನುತ್ತಿದ್ದ. ಎದ್ದು, ಕೈ ಒರೆಸಿಕೊಂಡು, ಬರ್ರಿ ಮಾಸ್ತರಮ್ಮ ಅಂದ. ಆ ಹೆಸರು ಹಾಗೇ ಉಳಿಯಿತು.

ಕಂಪನಿಯ ಒಳಗುಟ್ಟುಗಳನ್ನು ಅವನೇ ಹೇಳಿದ. ಕ್ಯಾಂಪು ಒಮ್ಮೆ ಮುರಿದರೆ ನಟರು ಉಳಿಯುವುದಿಲ್ಲ. ಬೇರೆ ಕಂಪನಿಯವರು ಫೋನ್ ಹಿಡಿದುಕೊಂಡೇ ಕಾಯುತ್ತಿರುತ್ತಾರೆ, ಒಂದು ವಾರದಲ್ಲಿ ಹದಿನಾಲ್ಕು ಜನ ಹದಿನಾಲ್ಕು ದಿಕ್ಕಿಗೆ. ಜನ ಒನ್ಸ್ ಮೋರ್ ಕೂಗಿದರೆ ಹಾಡು ಮತ್ತೆ ಕೊಡಬೇಕು. ಪೇಟಿ ಮತ್ತೆ ಶ್ರುತಿ ಹಿಡಿದರೆ ಕೊಟ್ಟ ಹಾಗೆ, ಮತ್ತು ಇದುವರೆಗೆ ಮಾಸ್ತರ ಒಮ್ಮೆಯೂ ಇಲ್ಲ ಅಂದಿಲ್ಲ. ಇನ್ನು ಪಾಲಮ್ಮ. ಪಾಲಮ್ಮ ಇದ್ದರೆ ಕಂಪನಿ.

ಪಾಲಮ್ಮ ರಾಣಿಯ ಪಾತ್ರದವಳು. ಹಡಗಲಿ ಹತ್ತಿರದ ಮಾಗಳದ ಕುರಿ ಸಾಕುವವರ ಮನೆಯಿಂದ ಹದಿನೇಳನೇ ವಯಸ್ಸಿಗೆ ರಂಗಕ್ಕೆ ಬಂದವಳಿಗೆ ಈಗ ಐವತ್ತಾರು. ಪೋಸ್ಟರಿನಲ್ಲಿ ನಾಟಕದ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಕಪ್ಪು ಐದರ ಪಾಲಮ್ಮ’ ಎಂದು ಬರೆಸಿರುತ್ತಾರೆ. ಪೇಟಿಯಲ್ಲಿ ಬೆರಳಿಡುವ ಪಟ್ಟಿಗೆ ಮನೆ ಅನ್ನುತ್ತಾರೆ; ಕಪ್ಪು ಐದು ಅಂದರೆ ಐದನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು ಹಾಡುವುದು. ಹೆಂಗಸರಲ್ಲೂ ಅಷ್ಟು ಎತ್ತರದಲ್ಲಿ ಮೂರು ತಾಸು ನಿಲ್ಲುವವರು ಕಡಿಮೆ. ಗುರುಬಸಮ್ಮ ಹೋಗಿ, ಅಕ್ಕಾ, ಸಂಜಿಗೆ ಒಂದು ತಾಸು ತಾಲೀಮು ಮಾಡೋಣೇನ್ರಿ ಎಂದು ಕೇಳಿದಳು. ಪಾಲಮ್ಮ ಕಾಲುಗೆಜ್ಜೆಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಟೀಚರ್, ನಾನು ಕಪ್ಪು ಐದರಾಗ ಹಾಡಾಕ ಹತ್ತಿದಾಗ ನೀನು ಲಂಗಾ ದಾವಣಿ ಉಡತಿದ್ದಿ. ನೀನು ಮನಿ ಮ್ಯಾಲ ಬೆರಳು ಇಡು. ನಾನು ಅಲ್ಲಿರತೀನಿ.”

ಇದ್ದವರೆಲ್ಲ ನಕ್ಕರು. ಗುರುಬಸಮ್ಮನೂ ನಗಬೇಕಾಯಿತು. ತಾಲೀಮು ಇಲ್ಲದೆ, ಅರ್ಧ ಗೊತ್ತಿರುವ ಆಟವನ್ನು, ಊರಿನ ಮುಂದೆ. ಆ ರಾತ್ರಿ ಅವಳು ಹಾಡಿನ ನೋಟ್‌ಬುಕ್ ತಿರುವಿದ್ದೇ ತಿರುವಿದ್ದು, ತಲೆಯೊಳಗೆ ಏನೂ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸಾಮಾನು ಬಿಚ್ಚಿದರು. ಇವರಲ್ಲೊಂದು ರೂಢಿ ಇದೆ. ಕ್ಯಾಂಪು ಎತ್ತುವಾಗ ಟ್ರ್ಯಾಕ್ಟರಿನಲ್ಲಿ ಅಲುಗಾಡಬಹುದಾದ ಪ್ರತಿಯೊಂದಕ್ಕೂ ಬೆಣೆ ಹೊಡೆಯುತ್ತಾರೆ. ಪೆಟ್ಟಿಗೆಯ ಮುಚ್ಚಳಕ್ಕೆ, ಸಿಂಹಾಸನದ ಕಾಲಿಗೆ, ಮೈಕಿನ ಡಬ್ಬಕ್ಕೆ, ಕನ್ನಡಿಯ ಚೌಕಟ್ಟಿಗೆ, ಎಲ್ಲದಕ್ಕೂ ಬಟ್ಟೆ ಸುತ್ತಿದ ಕಟ್ಟಿಗೆಯ ಚಕ್ಕೆ. ಹೊಸ ಊರಲ್ಲಿ ಬೆಣೆ ಕೀಳುವುದೇ ಮೊದಲ ಕೆಲಸ. ಗುರುಬಸಮ್ಮನೂ ಎಲ್ಲರ ಜೊತೆ ಕೂತು ಸಣ್ಣ ಸುತ್ತಿಗೆಯಿಂದ ಇಪ್ಪತ್ತೋ ಮೂವತ್ತೋ ಬೆಣೆ ಕಿತ್ತಳು.

ಆಮೇಲೆ ಕಾಲುಪೇಟಿಯ ಮುಂದೆ ಕೂತು ಶ್ರುತಿ ನೋಡಿದಳು. ಕಪ್ಪು ಐದು ಒತ್ತಿದಳು. ಕಿವಿ ಒಪ್ಪಲಿಲ್ಲ. ಮೊಬೈಲಿನಲ್ಲಿ ತಂಬೂರಿ ಹಚ್ಚಿ ಹೋಲಿಸಿದಳು. ಪೇಟಿ ಎರಡು ಮನೆ ಕೆಳಗಿತ್ತು; ಬೆರಳು ಕಪ್ಪು ಐದರ ಮೇಲೆ, ನಾದ ಕಪ್ಪು ನಾಲ್ಕರದು. ಹಳೆಯ ಪೇಟಿ, ಮನೆಗಳ ಹಲಗೆ ಪೂರ್ತಿಯಾಗಿ ಎಡಕ್ಕೂ ಬಲಕ್ಕೂ ಸರಿಯುವಂಥದ್ದು. ಎಡಕ್ಕೆ ಸರಿದಷ್ಟೂ ನಾದ ಇಳಿಯುತ್ತದೆ. ಬಗ್ಗಿ ನೋಡಿದಳು. ಹಲಗೆಯ ಬಲಗಡೆಯ ಸಂದಿಯಲ್ಲಿ ಒಂದು ಬೆಣೆ, ಕೆಂಪು ಜರಿಯ ಬಟ್ಟೆ ಸುತ್ತಿದ್ದು. ದಾರಿಯಲ್ಲಿ ಅಲುಗಾಡದಿರಲಿ ಎಂದು ಯಾರೋ ಹೊಡೆದಿದ್ದಾರೆ, ಹೊಡೆಯುವಾಗ ಹಲಗೆ ಸರಿದಿದೆ. ಮೂವತ್ತು ಬೆಣೆ ಕಿತ್ತ ಕೈ ಮೂವತ್ತೊಂದನೆಯದನ್ನೂ ಕಿತ್ತಿತು. ಹಲಗೆಯನ್ನು ಸರಿಯಾದ ಜಾಗಕ್ಕೆ ತಂದು ಮತ್ತೆ ತಂಬೂರಿಗೆ ಹೋಲಿಸಿದಳು. ಕೂದಲೆಳೆಯ ಫರಕಿಲ್ಲ. ಬಂದಾಗಿನಿಂದ ಮೊದಲ ಸಲ ಅವಳಿಗೆ ಎದೆ ಹಗುರಾಯಿತು.

ಜಂಬಯ್ಯ ಇದ್ದಿದ್ದರೆ ತಡೆಯುತ್ತಿದ್ದ. ಅವನು ಆ ದಿನ ಮಾಸ್ತರನನ್ನು ನೋಡಲು ದಾವಣಗೆರೆಗೆ ಹೋಗಿದ್ದ. ವಾಪಸು ಬರುವ ಬಸ್ಸು ಹರಪನಹಳ್ಳಿಯ ಹತ್ತಿರ ಪಂಕ್ಚರ್ ಆಗಿ, ಅವನು ಟಾಕೀಸಿನೊಳಗೆ ಓಡಿಬಂದದ್ದು ಮೂರನೇ ಬೆಲ್ಲಿಗೆ. ತಬಲಾ ಸುತ್ತಿಗೆಯಿಂದ ಎರಡು ಏಟು ಹಾಕಿದವನು ಪೇಟಿಯ ನಾದ ಕೇಳಿ ಕೈ ನಿಲ್ಲಿಸಿದ. ಗುರುಬಸಮ್ಮನ ಮುಖ ನೋಡಿದ. ಅವಳು ನಾಂದಿ ಹಾಡು ಎತ್ತಿಕೊಂಡಾಗಿತ್ತು, ಪರದೆ ಏರುತ್ತಿತ್ತು. ಬಾಯಿ ತೆರೆದು ಏನೋ ಅಂದ, ಹಾಡಿನಲ್ಲಿ ಕೇಳಲಿಲ್ಲ. ಕೊನೆಗೆ ಹಲ್ಲು ಕಚ್ಚಿ ತಬಲಾವನ್ನೇ ಮೇಲಕ್ಕೆ ಬಿಗಿದ.

ಪೇಟಿಗೆ ಕೂತವರ ಬೆನ್ನು ಜನರ ಕಡೆ, ಮುಖ ರಂಗದ ಕಡೆ. ಜನರ ಮುಖ ಕಾಣುವುದಿಲ್ಲ, ಉಸಿರು ಕೇಳುತ್ತದೆ. ಎರಡನೇ ದೃಶ್ಯದಲ್ಲಿ ರಾಣಿ ದೋಣಿಯಲ್ಲಿ ನಿಂತು ಬರುತ್ತಾಳೆ, ಹಾಡುತ್ತಲೇ ಬರುತ್ತಾಳೆ. ಹಾಡಿನ ತುದಿಯಲ್ಲಿ ತಾರ ಷಡ್ಜ, ಅಂದರೆ ಮೇಲಿನ ‘ಸ’, ಹಿಡಿದು, ದೋಣಿ ಈ ಕಡೆಯಿಂದ ಆ ಕಡೆ ಮುಟ್ಟುವ ತನಕ ಬಿಡುವುದಿಲ್ಲ. ಜನ ಬರುವುದೇ ಅದಕ್ಕೆ. ಪಾಲಮ್ಮ ಮೊದಲ ಸಾಲಿನಲ್ಲೇ ಒಮ್ಮೆ ಕೆಳಗೆ ನೋಡಿದಳು. ಎರಡನೇ ಸಾಲಿಗೆ ಕತ್ತಿನ ನರ ಉಬ್ಬಿದವು. ಗುರುಬಸಮ್ಮನಿಗೆ ಏನೋ ತಪ್ಪಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಶ್ರುತಿ ಸರಿ ಇದೆ, ತಾಳ ಸರಿ ಇದೆ. ಷಡ್ಜ ಬಂತು. ಪಾಲಮ್ಮ ಅದಕ್ಕೆ ಜಿಗಿದಳು, ಮುಟ್ಟಿದಳು, ಅಲ್ಲೇ ದನಿ ಎರಡಾಗಿ ಸೀಳಿತು. ಕೆಮ್ಮು ಬಂತು. ದೋಣಿ ಎಳೆಯುವವರು ಎಳೆಯುತ್ತಲೇ ಇದ್ದರು. ರಾಣಿ ಬಾಯಿ ಮುಚ್ಚಿಕೊಂಡು ದಡ ಸೇರಿದಳು.

ಹಿಂದಿನ ಸಾಲಿನಿಂದ ಯಾವನೋ ಕುರಿಯ ಹಾಗೆ ಅರಚಿದ. ಇಡೀ ಟಾಕೀಸು ನಕ್ಕಿತು. ಆ ನಗು ಗುರುಬಸಮ್ಮನ ಬೆನ್ನಿಗೆ ಬಿತ್ತು.

ಉಳಿದ ಆಟವನ್ನು ಪಾಲಮ್ಮ ಮಾತಿನಲ್ಲಿ ಮುಗಿಸಿದಳು, ಹಾಡು ಬಂದಲ್ಲೆಲ್ಲ ಸೈಡ್ ವಿಂಗಿನಿಂದ ಭೂಮಿಕಾ ಎಂಬ ಎಳೆಯ ನಟಿ ಹಾಡಿದಳು. ಬಣ್ಣ ತೊಳೆದವಳೇ ಪಾಲಮ್ಮ ಟ್ರಂಕು ತುಂಬಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಟ್ರಂಕು ಹೊತ್ತುಕೊಂಡು ಮಾಗಳಕ್ಕೆ ಹೋಗಿಬಿಟ್ಟಳು. ಹೋಗುವಾಗ ಭೂಮಿಕಾಳಿಗೆ ಇಷ್ಟೇ ಹೇಳಿದ್ದಳಂತೆ: ನನ್ನ ಗಂಟಲು ಮುಗೀತು, ಗೆಜ್ಜಿ ನೀನ ಇಟಗೋ.

ಗುರುಬಸಮ್ಮನನ್ನು ಜಂಬಯ್ಯ ಚಹಾದ ಅಂಗಡಿಗೆ ಕರೆದೊಯ್ದ. ಬೈಯುತ್ತಾನೆ ಎಂದುಕೊಂಡಿದ್ದಳು. ಬೈಯಲಿಲ್ಲ. ಬೆಣೆ ಎಲ್ಲಿ ಎಂದು ಕೇಳಿದ. ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದಳು. ಒಳ್ಳೆಯ ಬೆಣೆ, ಮುಂದಿನ ಕ್ಯಾಂಪಿಗೆ ಬೇಕಾದೀತು ಎಂದು ಎತ್ತಿಟ್ಟಿದ್ದಳು.

“ಇದನ್ನ ದಾರಿಗೆ ಅಂತ ಹೊಡದದ್ದಲ್ರಿ ಮಾಸ್ತರಮ್ಮ. ಪಾಲಕ್ಕನ ದನಿ ಇಳಿಯಾಕ ಹತ್ತಿದಾಗ ಮಾಸ್ತರ ಪೇಟಿ ಇಳಿಸ್ಯಾನ. ಮೊದಲು ಒಂದು ಮನಿ, ಆಮ್ಯಾಲೆ ಇನ್ನೊಂದು. ಆಕಿಗೆ ಹೇಳಿಲ್ಲ. ನನಗೂ ಹೇಳಿಲ್ಲ, ತಬಲಾ ಸಡ್ಲ ಮಾಡಬೇಕಾದಾಗ ತಿಳೀತು. ನಾನೂ ಕೇಳಲಿಲ್ಲ.”

ಗುರುಬಸಮ್ಮನ ಚಹಾ ಆರಿಹೋಯಿತು. ಜಂಬಯ್ಯನ ಸಲಹೆ ಸರಳವಾಗಿತ್ತು. ಬೆಣೆ ವಾಪಸು ಹೊಡೆಯಿರಿ, ಆ ದಿನ ನಿಮಗೆ ದಣಿವಾಗಿತ್ತು ಅಕ್ಕಾ ಎಂದು ಹೇಳಿ ಕರೆತನ್ನಿ, ಮುಗೀತು. ಆದರೆ ಗಂಟಲೇ ಹೋಯಿತು ಎಂದುಕೊಂಡವಳು ಇನ್ನೊಮ್ಮೆ ಜನರ ಮುಂದೆ ಯಾಕೆ ಬಾಯಿ ತೆರೆಯುತ್ತಾಳೆ? ನಿಜ ಹೇಳಿದರೆ ಇನ್ನೂ ಕೆಟ್ಟದ್ದು. ಇಷ್ಟು ವರ್ಷ ನೀನು ಹಾಡಿದ್ದು ಕಪ್ಪು ಐದಲ್ಲ, ನಿನ್ನನ್ನು ಮಗುವಿನ ಹಾಗೆ ನಂಬಿಸಿದ್ದರು ಎಂದು ಮುಖಕ್ಕೆ ಹೇಳಿದ ಹಾಗೆ. ಮಾತು ಬಿದ್ದ ಮಾಸ್ತರನ ಹತ್ತಿರ ಕೇಳುವಂತೆಯೂ ಇಲ್ಲ. ಯಾವುದನ್ನು ಹೇಳಿದರೂ ಪಾಲಮ್ಮ ಹೋದ ಹಾಗೆಯೇ, ಪಾಲಮ್ಮ ಹೋದರೆ ಕಂಪನಿ ಹೋಯಿತು, ಮತ್ತು ಅದು ಹೋದದ್ದು ಗುರುಬಸಮ್ಮ ಬಂದ ಎರಡನೇ ದಿನಕ್ಕೆ.

ಉಳಿದ ಎರಡು ಸಂಜೆ ಭೂಮಿಕಾ ರಾಣಿಯಾದಳು. ಹುಡುಗಿ ಚೆನ್ನಾಗಿಯೇ ಹಾಡಿದಳು. ಜನ ಪಾಲಮ್ಮನಿಗಾಗಿ ಬಂದವರು, ಮಧ್ಯಂತರಕ್ಕೇ ಎದ್ದುಹೋದರು. ನಾಯಕನ ಪಾತ್ರದ ಶಿವಯೋಗಿ ಟಾಕೀಸಿನ ಹಿಂದೆ ನಿಂತು ಫೋನಿನಲ್ಲಿ ಮೆಲ್ಲಗೆ ಮಾತಾಡುವುದನ್ನು ಗುರುಬಸಮ್ಮ ಎರಡು ಸಲ ಕಂಡಳು. ಅವಳನ್ನು ಕಂಡೊಡನೆ ಅವನು ಫೋನ್ ಜೇಬಿಗಿಳಿಸಿ ಹವಾಮಾನದ ಮಾತು ತೆಗೆದ. ಪಾಲಮ್ಮನ ಫೋನ್ ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿತ್ತು. ಹಡಗಲಿಯಲ್ಲಿ ಮೈದಾನ ಗೊತ್ತು ಮಾಡಿಕೊಡುವ ಅಮರೇಶನಿಂದ ಮಾತ್ರ ಬೇಡವೆಂದರೂ ಫೋನ್ ಬರುತ್ತಿತ್ತು. ಹೂವಿನ ವ್ಯಾಪಾರದ ಮನುಷ್ಯ, ಕೆಟ್ಟವನಲ್ಲ, ತನ್ನ ಲೆಕ್ಕ ತಪ್ಪದವನು. ಊರ ತುಂಬ ಪೋಸ್ಟರ್ ಹಚ್ಚಿದ್ದ. ಸುದ್ದಿ ಅವನಿಗೂ ಮುಟ್ಟಿತ್ತು. ಪಾಲಮ್ಮ ರಂಗಕ್ಕೆ ಬರುವುದಿಲ್ಲ ಅಂತಾದರೆ ಮೈದಾನವನ್ನು ಆರ್ಕೆಸ್ಟ್ರಾದವರಿಗೆ ಕೊಡುತ್ತೇನೆ, ಶುಕ್ರವಾರ ಮಧ್ಯಾಹ್ನದೊಳಗೆ ಹೇಳಿರಿ ಅಂದ. ಆ ದಿನ ಬುಧವಾರ.

ಗುರುವಾರ ಬೆಳಿಗ್ಗೆ ಸಾಮಾನು ಟ್ರ್ಯಾಕ್ಟರಿಗೆ ಏರಿತು. ಎಲ್ಲದಕ್ಕೂ ಬೆಣೆ ಬಿತ್ತು, ಒಂದು ಬೆಣೆ ಅವಳ ಸೆರಗಿನಲ್ಲೇ ಇತ್ತು. ಗುರುಬಸಮ್ಮ ಟ್ರಾಲಿಯಲ್ಲಿ ಕಾಲುಪೇಟಿಗೆ ಒರಗಿ ಕೂತಳು, ಪಕ್ಕದಲ್ಲಿ ಜಂಬಯ್ಯ. ಹಡಗಲಿ ಬಂದಾಗ ಡ್ರೈವರಿಗೆ ನಿಲ್ಲಿಸಬೇಡ, ಮಾಗಳಕ್ಕೆ ಬಿಡು ಅಂದಳು. ಡ್ರೈವರ್ ಗೊಣಗಿದ. ಇಡೀ ನಾಟಕ ಕಂಪನಿಯನ್ನು ಕಟ್ಟಿಕೊಂಡು ಬೀಗರ ಮನೆಗೆ ಹೊರಟಿರೇನು ಅಂದ. ದಾರಿಯುದ್ದಕ್ಕೂ ಗುರುಬಸಮ್ಮ ಮೂರು ಬಗೆಯ ಸುಳ್ಳು ಕಟ್ಟಿ ನೋಡಿದ್ದಳು. ಪೇಟಿಯ ತಿದಿ ಹರಿದಿತ್ತು ಎಂಬುದೊಂದು. ಟಾಕೀಸಿನ ಮೈಕು ಸರಿಯಿರಲಿಲ್ಲ ಎಂಬುದೊಂದು. ಮೂರನೆಯದು ಅವಳಿಗೇ ನಾಚಿಕೆ ತರಿಸಿತು.

ಪಾಲಮ್ಮನ ತಮ್ಮನ ಮನೆ ಊರ ಹೊರಗೆ, ಹೊಳೆಯ ಕಡೆಗೆ. ಅಂಗಳದ ಪಕ್ಕದಲ್ಲಿ ಜಾಲಿಮುಳ್ಳಿನ ಬೇಲಿಯ ಕುರಿದೊಡ್ಡಿ. ಕುರಿ ಮೇಯಲು ಹೋಗಿದ್ದವು, ಮರಿಗಳು ಮಾತ್ರ ಒಳಗಿದ್ದವು. ಪಾಲಮ್ಮ ಹಳೆಯ ಸೀರೆಯಲ್ಲಿ ಮರಿಯೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು. ಬಾಗಿಲಿಗೆ ಟ್ರ್ಯಾಕ್ಟರ್ ಬಂದು ನಿಂತು, ಸಿಂಹಾಸನದ ಹಿಂದಿನಿಂದ ಗುರುಬಸಮ್ಮ ಇಳಿದದ್ದನ್ನು ನೋಡಿದಳು. ಎದ್ದೇಳಲಿಲ್ಲ.

“ಮೆರವಣಿಗಿ ತಂದಿಯೇನು ಟೀಚರ್?”

ಗುರುಬಸಮ್ಮ ಕಟ್ಟಿದ ಸುಳ್ಳುಗಳೆಲ್ಲ ಅಲ್ಲಿ ಎಲ್ಲಿಗೋ ಹೋದವು. ಸೆರಗಿನ ಗಂಟು ಬಿಚ್ಚಿ ಬೆಣೆಯನ್ನು ಪಾಲಮ್ಮನ ಮುಂದೆ ನೆಲದ ಮೇಲಿಟ್ಟಳು. ಇದು ಪೇಟಿಯಲ್ಲಿತ್ತು, ನಾನು ದಾರಿಯ ಬೆಣೆ ಅಂತ ತಿಳಿದು ಕಿತ್ತೆ, ತಪ್ಪು ನನ್ನದು, ನಿಮ್ಮ ಗಂಟಲಿನದಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಾಸ್ತರ ಎರಡು ಮನೆ ಇಳಿಸಿದ್ದನ್ನೂ ಹೇಳಿದಳು. ಹೇಳಿಯಾದ ಮೇಲೆ ಅಲ್ಲೇ ಕೂತಳು.

ಪಾಲಮ್ಮ ಬೆಣೆಯನ್ನು ಎತ್ತಿ ತಿರುಗಿಸಿ ನೋಡಿದಳು. ಸುತ್ತಿದ್ದ ಕೆಂಪು ಬಟ್ಟೆಯನ್ನು ಉಗುರಿನಿಂದ ಕೆರೆದಳು, ಜರಿಯ ಎಳೆ ಮೇಲೆ ಬಂತು.

“ಇದು ನನ್ನ ಕುಪ್ಪಸ. ಕೊಟ್ಟೂರು ಕ್ಯಾಂಪಿನಾಗ ಬಗಲಾಗ ಹರೀತಂತ ಒಗದಿದ್ದೆ. ಏಳು ವರ್ಷ ಆತು.”

ಜಂಬಯ್ಯ ಟ್ರಾಲಿಯ ಮೇಲೆ ಕೂತಲ್ಲೇ ಬೀಡಿ ಹಚ್ಚಿದವನು ಸೇದಲು ಮರೆತ. ಗುರುಬಸಮ್ಮ, ನಿಮಗ ಗೊತ್ತೇ ಇರಲಿಲ್ಲೇನಕ್ಕಾ ಎಂದು ಕೇಳಿದಳು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

“ಗಂಟಲಿಗೆ ಗೊತ್ತಿತ್ತು. ನಾನು ಅದನ್ನ ಕೇಳಲಿಲ್ಲ. ನೀನು ಬಾಯಿ ಮುಚಗೊಂಡು ವಾಪಸ್ ಹೊಡದಿದ್ರ ನನ್ನ ಮಾನ ಉಳೀತಿತ್ತು.”

“ಹೊಡದಿದ್ರ ನೀವು ಬರತಿರಲಿಲ್ಲಕ್ಕಾ. ಗಂಟಲು ಮುಗೀತು ಅಂತ ಇಲ್ಲೇ ಕುರಿ ಕಾಯ್ಕೊಂಡು ಕುಂದರತಿದ್ರಿ.”

“ಕುರಿ ಕಾಯೋದು ಸಣ್ಣ ಕೆಲಸ ಅಲ್ಲ.”

“ಅಲ್ಲ. ಆದ್ರ ನಿಮ್ಮ ಗಂಟಲು ಮುಗಿದಿಲ್ಲ.”

ಪಾಲಮ್ಮ ಮರಿಯನ್ನು ತೊಡೆಯಿಂದ ಇಳಿಸಿ, ಸೀರೆ ಜಾಡಿಸಿಕೊಂಡು ಎದ್ದಳು. ಪೇಟಿ ಇಳಸ್ರಿ ಅಂದಳು.

ನಾಲ್ಕು ಜನ ಹಿಡಿದು ಕಾಲುಪೇಟಿಯನ್ನು ಅಂಗಳದಲ್ಲಿ ಇಳಿಸಿದರು. ಪಾಲಮ್ಮನ ನಾದಿನಿ ಗೋಧಿ ಕೇರುವುದನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಪಾಲಮ್ಮ ಅವಳಿಗೆ ಒಳಗೆ ಹೋಗು ಅಂದಳು, ಹೋಗಲಿಲ್ಲ. ಗುರುಬಸಮ್ಮ ಹಲಗೆಯನ್ನು ಎರಡು ಮನೆ ಎಡಕ್ಕೆ ಸರಿಸಿ ಹಳೆಯ ಬೆಣೆಯನ್ನು ಅದರ ಸಂದಿಗೆ ಹಾಕಿದಳು. ತಿದಿ ಒತ್ತಿದಳು. ಪಾಲಮ್ಮ ಹಾಡಿದಳು, ದೋಣಿಯ ಹಾಡು. ತಾರ ಷಡ್ಜ ಸಿಕ್ಕಿತು. ಜಂಬಯ್ಯ ಹಾ ಅಂದ.

ಗುರುಬಸಮ್ಮನ ಕಿವಿ ಒಪ್ಪಲಿಲ್ಲ. ಷಡ್ಜ ಸಿಕ್ಕಿತ್ತು, ಆದರೆ ತುದಿಗಾಲಲ್ಲಿ ನಿಂತಿತ್ತು. ದೋಣಿ ದಡ ಮುಟ್ಟುವಷ್ಟು ಹೊತ್ತು ನಿಲ್ಲುವ ದನಿಯಲ್ಲ ಅದು. ಇವತ್ತು ನಿಂತರೂ ಒಂದೂವರೆ ತಿಂಗಳು ದಿನಾ ನಿಲ್ಲುವುದಿಲ್ಲ. ಮಾಸ್ತರನೂ ಈ ವರ್ಷ ಇದನ್ನು ಕೇಳಿರಬೇಕು. ಇನ್ನೊಂದು ಮನೆ ಇಳಿಸುವ ಧೈರ್ಯ ಅವನಿಗೆ ಬಂದಿರಲಿಲ್ಲ, ಅಥವಾ ಅಷ್ಟರಲ್ಲಿ ಕೈ ಬಿದ್ದಿತ್ತು. ಹೇಳಬೇಕೋ ಬೇಡವೋ ಎಂದು ಅವಳು ತಿದಿಯನ್ನು ಸುಮ್ಮನೆ ಒತ್ತುತ್ತ ಕೂತಳು.

ಪಾಲಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. “ಮಾರಿ ಯಾಕ ಹಂಗ ಮಾಡ್ಕಂಡಿ? ಇನ್ನೊಂದು ಮನಿ ಸರಸು. ನನಗೂ ಕಿವಿ ಅದಾವು.”

ಸರಿಸಿದಳು. ಈಗ ಅದು ಬಿಳಿ ಐದು. ಪಾಲಮ್ಮ ಮತ್ತೆ ಹಾಡಿದಳು. ಈ ಸಲ ದನಿಗೆ ಕುಂಡೆ ಊರಿ ಕೂರಲು ಜಾಗ ಸಿಕ್ಕಿದ ಹಾಗಾಯಿತು. ಷಡ್ಜ ಹಿಡಿದವಳು ಹಿಡಿದೇ ಇದ್ದಳು. ದೊಡ್ಡಿಯ ಮರಿಗಳು ತಾಯಂದಿರು ಬಂದರೆಂದು ತಿಳಿದು ಒಟ್ಟಿಗೆ ಅರಚಿದವು. ಪಾಲಮ್ಮ ಹಾಡು ಬಿಟ್ಟು ಮೊದಲ ಸಲ ನಕ್ಕಳು. “ನೋಡು, ಹಗರಿಬೊಮ್ಮನಳ್ಳಿ ಟಾಕೀಸಿನಾವ ಇಲ್ಲೂ ಬಂದಾನ” ಅಂದಳು.

ಹಳೆಯ ಬೆಣೆ ಈಗ ಸಂದಿಗೆ ಸಾಲಲಿಲ್ಲ, ಸಡಿಲವಾಯಿತು. ಪಾಲಮ್ಮ ದೊಡ್ಡಿಯ ಬೇಲಿಯಿಂದ ಒಂದು ಒಣಗಿದ ಜಾಲಿಗೂಟ ಕಿತ್ತು, ಕುಡುಗೋಲಿನಿಂದ ಕೆತ್ತಿ, ಅದೇ ಕೆಂಪು ಬಟ್ಟೆಯನ್ನು ಸುತ್ತಿ ತಾನೇ ಕೈಯಾರೆ ಹೊಡೆದಳು. ಮೂರು ಏಟು. ಪೋಸ್ಟರಿನಲ್ಲಿ ಕಪ್ಪು ಐದು ಅಂತ ಇದೆಯಲ್ಲ ಎಂದು ಜಂಬಯ್ಯ ಸಣ್ಣ ದನಿಯಲ್ಲಿ ನೆನಪಿಸಿದ. ಹಡಗಲಿಯವರು ತಕ್ಕಡಿ ತರುವುದು ಮಲ್ಲಿಗೆಗೆ, ನಾಟಕಕ್ಕಲ್ಲ ಎಂದು ಪಾಲಮ್ಮ ಹೇಳಿದಳು.

ಅಮರೇಶನ ಗಡುವಿಗೆ ಇನ್ನೂ ಒಂದು ದಿನ ಇರುವಾಗಲೇ, ಪಾಲಮ್ಮ ಬರುತ್ತಾಳೆ ಎಂದು ಅವನಿಗೆ ಫೋನ್ ಮಾಡಿದರು. ಅಷ್ಟರಿಂದ ಗುರುಬಸಮ್ಮನಿಗೆ ನಿದ್ದೆ ಬಂತೇ ಎಂದರೆ ಇಲ್ಲ, ಇನ್ನೊಂದು ಭಯ ಶುರುವಾಗಿತ್ತು. ಪೇಟಿ ಮೂರು ಮನೆ ಇಳಿದಿರುವುದು ಪಾಲಮ್ಮನಿಗಾಗಿ. ಉಳಿದವರು ತಮ್ಮ ತಮ್ಮ ಶ್ರುತಿಯಲ್ಲೇ ಹಾಡುವವರು. ಶಿವಯೋಗಿ ಎದ್ದು ಹಾಡಿದಾಗ ಅವಳು ಮೂರು ಮನೆ ಮೇಲೆ ಬಾರಿಸಬೇಕು, ಭೂಮಿಕಾ ಹಾಡಿದಾಗಲೂ ಹಾಗೇ. ಪಾಲಮ್ಮ ಬಂದೊಡನೆ ಮತ್ತೆ ಹಳೆಯ ಮನೆಗೆ ಇಳಿಯಬೇಕು. ಒಂದು ಆಟದಲ್ಲಿ ನಲವತ್ತೆರಡು ಸಲ. ಉಚ್ಚಂಗೆಪ್ಪ ಏಳು ವರ್ಷ ಇದನ್ನು ಬೆವರದೆ, ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದ. ಅವಳು ನೋಟ್‌ಬುಕ್ಕಿನ ಅಂಚಿಗೆ ಪೆನ್ಸಿಲಿನಿಂದ ಮನೆಗಳ ಗುರುತು ಹಾಕಿಕೊಂಡಳು. ಬೆರಳು ತಪ್ಪಿದರೆ ಶಿವಯೋಗಿಯ ಹಾಡು ಪಾತಾಳಕ್ಕೆ, ಪಾಲಮ್ಮನದು ಮತ್ತೆ ಆಕಾಶಕ್ಕೆ.

ಹಡಗಲಿಯ ಮೊದಲ ಆಟಕ್ಕೆ ನಾನು ಹೋಗಿದ್ದೆ. ಮುಂದಿನ ಸಾಲಿನಲ್ಲಿ ಅಮರೇಶ ಕೈ ಕಟ್ಟಿ ಕೂತಿದ್ದ, ಖರೀದಿಗೆ ಬಂದವನ ಹಾಗೆ. ನನಗೆ ಕಾಣುತ್ತಿದ್ದದ್ದು ಗುರುಬಸಮ್ಮನ ಬೆನ್ನು. ಪಾಲಮ್ಮನ ದೋಣಿ ಬರುವ ಮೊದಲೇ ಕುಪ್ಪಸ ಬೆನ್ನಿಗೆ ಅಂಟಿತ್ತು. ನಾಯಕನ ಒಂದು ಹಾಡಿನಲ್ಲಿ ಅವಳ ಬೆರಳು ತಪ್ಪಿತು. ಶಿವಯೋಗಿ ಕಣ್ಣು ಬಿಟ್ಟ, ಅವಳು ಅರ್ಧ ಸಾಲಿನಲ್ಲಿ ಮೇಲಕ್ಕೆ ಏರಿಸಿಕೊಂಡಳು. ಜನರಿಗೆ ಅದು ಹೊಸ ಧಾಟಿ ಅನ್ನಿಸಿರಬೇಕು, ಇಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ದೋಣಿ ಬಂತು. ಪಾಲಮ್ಮ ಕೆಳಗೆ ನೋಡಲಿಲ್ಲ. ಮೊದಲ ಸಾಲು, ಎರಡನೇ ಸಾಲು. ಷಡ್ಜಕ್ಕೆ ಹೋಗುವ ಮೊದಲು ಗುರುಬಸಮ್ಮನ ಕಾಲು ತಿದಿಯ ಮೇಲೆ ಒಂದು ಗಳಿಗೆ ನಿಂತೇ ಹೋಯಿತು. ಪಾಲಮ್ಮ ಪೇಟಿಗೆ ಕಾಯದೆ ಷಡ್ಜವನ್ನು ಹಿಡಿದಳು, ಪೇಟಿ ಹಿಂದಿನಿಂದ ಬಂದು ಸೇರಿಕೊಂಡಿತು. ದೋಣಿ ನಿಧಾನಕ್ಕೆ ದಾಟಿತು. ದನಿ ಹಿಂದಿನಷ್ಟು ಮೇಲಿರಲಿಲ್ಲ, ಹಿಂದಿಗಿಂತ ದಪ್ಪವಿತ್ತು. ದಡ ಮುಟ್ಟಿದ ಮೇಲೆ ಮೈದಾನವೆಲ್ಲ ಎದ್ದಿತು. ಒನ್ಸ್ ಮೋರ್, ಒನ್ಸ್ ಮೋರ್.

ಪಾಲಮ್ಮ ದಡದಲ್ಲಿ ನಿಂತು ಈಗ ಕೆಳಗೆ ನೋಡಿದಳು. ಕೊಡಲು ಸಿದ್ಧವಾಗಿದ್ದಳು, ಬಾಯಿ ಅರ್ಧ ತೆರೆದಿತ್ತು. ಜಂಬಯ್ಯನ ಕೈ ತಬಲಾದ ಮೇಲೆ ಕಾಯುತ್ತಿತ್ತು. ಅಮರೇಶನೂ ಕೈ ಬಿಚ್ಚಿ ಕೂಗುತ್ತಿದ್ದ. ಗುರುಬಸಮ್ಮ ತಿದಿಯಿಂದ ಕಾಲು ತೆಗೆದಳು. ಎರಡೂ ಕಾಲು ನೆಲಕ್ಕೆ ಊರಿ, ಕೈಯನ್ನು ತೊಡೆಯ ಮೇಲಿಟ್ಟು ಕೂತಳು. ಕೂಗು ಜೋರಾಯಿತು. ಯಾರೋ ಮಂಡಕ್ಕಿಯ ಪೊಟ್ಟಣ ಎಸೆದರು, ಅದು ಪೇಟಿಯ ಮೇಲೆ ಬಿದ್ದು ಚೆಲ್ಲಿತು. ಅವಳು ಕಾಲು ಎತ್ತಲಿಲ್ಲ. ಕೊನೆಗೆ ಶಿವಯೋಗಿಯೇ ಒಳಗಿನಿಂದ ಬಂದು ಮುಂದಿನ ಮಾತು ಎತ್ತಿಕೊಂಡ, ಆಟ ಮುಂದೆ ಹೋಯಿತು.

ಆಟ ಮುಗಿದು ಬಣ್ಣದ ಕೋಣೆಯಲ್ಲಿ ಪಾಲಮ್ಮ ಕೊಬ್ಬರಿ ಎಣ್ಣೆಯಿಂದ ಮುಖ ಉಜ್ಜುತ್ತ, ನನ್ನ ಒನ್ಸ್ ಮೋರ್ ತಿಂದಿ ಅಂದಳು. ನಾಳೆಯೂ ಆಟ ಇದೆಯಲ್ಲಕ್ಕಾ ಎಂದು ಗುರುಬಸಮ್ಮ ಹೇಳಿದಳು. ಪಾಲಮ್ಮ ಉಜ್ಜುತ್ತಲೇ ಇದ್ದಳು. ಮುಖ ಒರೆಸಿಕೊಂಡು ಭೂಮಿಕಾಳ ಕಡೆ ತಿರುಗಿ, ಕೊಟ್ಟು ಹೋಗಿದ್ದ ಗೆಜ್ಜೆಗೆ ಕೈ ಚಾಚಿದಳು.

ಇದಾಗಿ ಎರಡು ವರ್ಷವಾಯಿತು. ಉಚ್ಚಂಗೆಪ್ಪ ಮನೆಗೆ ಬಂದಿದ್ದಾನೆ. ಕೋಲು ಹಿಡಿದು ನಡೆಯುತ್ತಾನೆ, ನಾಲ್ಕು ಮಾತು ಮರಳಿವೆ, ಬಲಗೈ ಬಂದಿಲ್ಲ. ಹರಪನಹಳ್ಳಿಯ ಕ್ಯಾಂಪಿಗೆ ಒಮ್ಮೆ ಕರೆತಂದಿದ್ದರು. ಪೇಟಿಯ ಸಂದಿಯಲ್ಲಿ ಹೊಸ ಬೆಣೆ ನೋಡಿ ಎಡಗೈಯಿಂದ ಮುಟ್ಟಿದನಂತೆ. ಬೋರ್ಡಿನಲ್ಲಿ ಗುರುಬಸಮ್ಮನ ಹೆಸರಿನ ಹಿಂದೆ ಹಂಗಾಮಿ ಎಂಬುದು ಹಾಗೇ ಇದೆ. ಅಳಿಸೋಣ ಎಂದು ಶಿವಯೋಗಿ ಎರಡು ಸಲ ಕೇಳಿದ, ಅವಳು ಬೇಡ ಅಂದಳು. ಒನ್ಸ್ ಮೋರ್ ಈಗಲೂ ದೋಣಿಯ ಹಾಡಿಗೆ ಇಲ್ಲ, ಬೇರೆ ಹಾಡಿಗೆ ಉಂಟು. ಜನ ಅದನ್ನೇ ಕಂಪನಿಯ ನೇಮ ಎಂದುಕೊಂಡಿದ್ದಾರೆ.

ಹೋದ ತಿಂಗಳು ಸಿಕ್ಕಾಗ, ಈಗಲಾದರೂ ನಿದ್ದೆ ಬರುತ್ತದೆಯೇ ಎಂದು ಕೇಳಿದೆ. ಪಾಲಮ್ಮನ ದನಿ ಈಚೆಗೆ ಮಧ್ಯಂತರದ ನಂತರ ಸ್ವಲ್ಪ ಕೆರೆಯುತ್ತದೆ ಎಂದಳು. ಆ ಪೇಟಿಯ ಹಲಗೆ ಎಡಕ್ಕೆ ಸರಿಯುವುದು ಒಟ್ಟು ಐದು ಮನೆಯಂತೆ. ಮೂರು ಆಗಿದೆ. ಎಡಗಡೆ ಉಳಿದದ್ದು ಎರಡು, ಅದರಾಚೆಗೆ ಬರೀ ಕಟ್ಟಿಗೆ. ಅಷ್ಟು ಹೇಳಿ, ಬಸ್ಸು ಬಂತೆಂದು ಚೀಲ ಎತ್ತಿಕೊಂಡು ಓಡಿದಳು. ಆಧಾರ್ ಕಾರ್ಡು ಕೈಯಲ್ಲೇ ಇತ್ತು.